ಪ್ರೆಶರ್ ಇಳಿದ ದಿನ

ಅವರ ಬಲಗೈ ತೋರುಬೆರಳಿನ ಉಗುರು ಸವೆದು ಅರ್ಧವಾಗಿತ್ತು. ಸಿಕ್ಕಿದ್ದನ್ನೆಲ್ಲ ಕುಟ್ಟಿ ನೋಡುವ ಚಾಳಿ ಅವರಿಗೆ: ಶೀಟು, ಏಣಿ, ನಮ್ಮ ತಲೆಯ ಮೇಲಿನ ಹೆಲ್ಮೆಟ್ಟು. ಬಿಡದಿಯಲ್ಲಿ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ ಅದು. ನಾನು ಶೆಡ್ಡುಗಳಿಗೆ ಚಾವಣಿ ಶೀಟು ಹೊದಿಸುವವನು, ಅವರು ಸೈಟಿನ ಸ್ಟೋರ್ ನೋಡಿಕೊಳ್ಳುವವರು. ಕಲ್ಯ ಎಂಬ ಊರಿನ ಕಡೆಯವರು. ನಾವೆಲ್ಲ ಯಜಮಾನ್ರು ಎನ್ನುತ್ತಿದ್ದೆವು.

ಸ್ಟೋರಿನ ಮುಂದಿನ ಕಂಬಕ್ಕೆ ಗಾಳಿಯ ಒತ್ತಡ ಅಳೆಯುವ ಸೆನ್ಸರು ಕಟ್ಟಿದ್ದರು, ಒಳಗೆ ಅದರ ಅಂಕಿ ತೋರಿಸುವ ಡಬ್ಬಿ. ಇಂಜಿನಿಯರುಗಳು ಅದರ ಮುಖವನ್ನೂ ನೋಡುತ್ತಿರಲಿಲ್ಲ. ಯಜಮಾನರು ಮಾತ್ರ ಗಂಟೆಗೊಮ್ಮೆ ಅದನ್ನೂ ಕುಟ್ಟಿ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. "ಮಧ್ಯಾಹ್ನ ಆದ್ಮೇಲೆ ಪ್ರೆಶರ್ ದಿನಾ ಒಸಿ ಇಳೀತದೆ ಕಣ್ಲಾ. ಉಂಡ್ಮೇಲೆ ನಮಗೆ ತೂಕಡಿಕೆ ಬರಾಕಿಲ್ವಾ, ಹಂಗೆ. ಅದಕ್ಕಿಂತ ಜಾಸ್ತಿ ಇಳುದ್ರೆ ಗಾಳಿ ಮಳೆ ಬತ್ತದೆ, ಹುಷಾರು," ಎನ್ನುತ್ತಿದ್ದರು.

ಒಂದು ಸಲ ಹಾಗೆಂದು ನಮ್ಮನ್ನು ಚಾವಣಿಯಿಂದ ಇಳಿಸಿದರು. ಒಂದು ಹನಿಯೂ ಬೀಳಲಿಲ್ಲ. ಕಂಟ್ರಾಕ್ಟರ್ ಬೈದ ಬೈಗುಳಕ್ಕೆ ನನ್ನ ಮೈಯೆಲ್ಲ ಉರಿದುಹೋಯಿತು. "ನಿಮ್ ಡಬ್ಬಿ ಮಾತು ಕೇಳ್ಕೊಂಡು ಇನ್ನೊಂದ್ಸಲ ಇಳಿಯಾಕಿಲ್ಲ," ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟೆ. ಅವರು ಡಬ್ಬಿಯನ್ನೊಮ್ಮೆ ಕುಟ್ಟಿ ಅಂಕಿ ಬರೆದುಕೊಂಡರು.

ನಾಲ್ಕೈದು ದಿನ ಕಳೆದಿರಬೇಕು. ಮೇ ತಿಂಗಳ ಸುಡುಬಿಸಿಲು, ದೂರದಲ್ಲಿ ಒಂದಿಷ್ಟು ಮೋಡ, ಅಷ್ಟೇ. ಹನ್ನೊಂದು ಜನ ಮೇಲಿದ್ದೆವು. ಮೂರು ಗಂಟೆಯ ಹೊತ್ತಿಗೆ ಯಜಮಾನರು ಸ್ಟೋರಿನ ಬಾಗಿಲು ಹಿಡಿದುಕೊಂಡು ಕೂಗತೊಡಗಿದರು. ಡ್ರಿಲ್ಲಿನ ಸದ್ದಿನಲ್ಲಿ ನನಗೆ ಕೇಳಿಸಿದ್ದು "ಪ್ರೆಶರ್ ಇಳುದೋಯ್ತು", "ಬೇಗ ಬನ್ರಲಾ" ಎಂಬುದಷ್ಟೇ. ಅವರು ಬಾಗಿಲು ಹಿಡಿದ ಪರಿ ನೋಡಿ ಅವರಿಗೇ ಏನೋ ಆಗಿದೆ ಎಂದುಕೊಂಡೆ. ಡಬ್ಬಿಯ ನೆನಪೇ ಬರಲಿಲ್ಲ.

"ಲೇ, ಯಜಮಾನ್ರಿಗೆ ಬಿಪಿ ಡೌನ್ ಆಗೈತೆ, ಬನ್ರಲೇ!" ಎಂದು ಅರಚಿದೆ. ಎಲ್ಲರೂ ದುಡುದುಡು ಇಳಿದೆವು. ಅವರು ಬೇಡ ಬೇಡ ಎಂದರೂ ಬಿಡದೆ ಎತ್ತಿಕೊಂಡು ಹೋಗಿ, ಸ್ಟೋರಿನೊಳಗೆ ಮಲಗಿಸಿ, ಬಾಯಿಗೆ ಉಪ್ಪುನೀರು ಹುಯ್ದೆವು.

"ನಂಗಲ್ಲ ಕಣ್ರಲಾ, ಗಾಳಿಗೆ!" ಎಂದು ಅವರು ಕೆಮ್ಮುತ್ತ ಎದ್ದು ಕೂರುವಷ್ಟರಲ್ಲಿ ಬಿರುಗಾಳಿ ಅಪ್ಪಳಿಸಿತು. ನಾವು ಬೆಳಿಗ್ಗೆಯಿಂದ ಹೊದಿಸಿದ್ದ ಶೀಟುಗಳೆಲ್ಲ ಕಿತ್ತುಕೊಂಡು ರಸ್ತೆಯಾಚೆ ಬಿದ್ದವು. ನಾನು ಕೂತಿದ್ದ ಜಾಗದಲ್ಲಿ ಏನೂ ಉಳಿದಿರಲಿಲ್ಲ.

ಆಮೇಲೆ ಯಾರೋ ಕಿಸಕ್ಕೆಂದರು. ನಗು ಶುರುವಾಗಿದ್ದೇ ತಡ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆವು. ಬದುಕಿದೆವಲ್ಲ ಎಂಬ ನಿರಾಳ ಅದು.

"ತಪ್ಪಾಯ್ತು ಯಜಮಾನ್ರೇ," ಎಂದೆ.

"ಡಬ್ಬಿ ಕರುದ್ರೆ ಬರ್ನಿಲ್ಲ, ನಂಗೇನೋ ಆಯ್ತು ಅಂತ ಓಡ್ಬಂದ್ರಿ. ಅಷ್ಟು ಸಾಕು ಬುಡ್ಲಾ," ಎಂದು ಅವರು ಗಡ್ಡದ ಮೇಲಿನ ಉಪ್ಪುನೀರು ಒರೆಸಿಕೊಂಡರು.

ಹೋದ ವರ್ಷ ಅವರು ತೀರಿಕೊಂಡರು. ಕಲ್ಯಕ್ಕೆ, ಅವರ ಮಣ್ಣಿಗೆ, ನಾವು ಹನ್ನೊಂದು ಜನವೂ ಹೋಗಿದ್ದೆವು.