ಬಳೆ ಗುರುತಿನ ಬಿಸ್ಕೆಟ್

ಎಲೆ ಮೇಲೆ ಒಬ್ಬಟ್ಟು ಬಿದ್ದಿತ್ತು. ತುಪ್ಪ ಬರಬೇಕಿತ್ತು.

ತುಪ್ಪದ ಗಿಂಡಿ ಹಿಡಿದು ಬಂದವಳು ನನ್ನ ಅಕ್ಕ, ರತ್ನಕ್ಕ. ಕಳೆದ ಭಾನುವಾರ ಕಲ್ಯಾಣದುರ್ಗದ ಅವಳ ಮನೆಯಲ್ಲಿ ಅವಳ ಮಗಳ ಸೀಮಂತ. ಬೀಗರೆಲ್ಲ ಸಾಲಾಗಿ ಕೂತಿದ್ದರು. ಅಕ್ಕ ಮೊದಲನೇ ಎಲೆಗೆ ಬಗ್ಗಿದಳು. ಅಷ್ಟರಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಅವಳ ಅತ್ತೆ ಓಬುಳಮ್ಮ ಮನೆಗೆಲ್ಲ ಕೇಳುವಂತೆ ಅಂದರು:

“ಏಯ್, ತುಪ್ಪದ ಗಿಂಡಿ ಅವಳ ಕೈಗ್ಯಾಕ್ರೇ ಕೊಟ್ರಿ? ಎಲೆಗೆ ಬೀಳೋಕೆ ಮುಂಚೆ ಹಿಂದೂಪುರಕ್ಕೆ ಹೊಂಟೋಯ್ತದೆ!”

ಎಲ್ಲರೂ ನಕ್ಕರು. ಬೀಗರು ವಿಷಯ ಗೊತ್ತಿಲ್ಲದೆ ನಕ್ಕರು. ಮನೆಯವರು ಗೊತ್ತಿದ್ದು ನಕ್ಕರು.

ನಾನೂ ನಕ್ಕೆ.

ಅಕ್ಕ ಗಿಂಡಿ ಕೆಳಗಿಡಲಿಲ್ಲ. ಒಂದೊಂದೇ ಎಲೆಗೆ ಬಡಿಸುತ್ತಾ ಬಂದಳು. ನನ್ನ ಎಲೆಗೆ ಬಂದಾಗ ಒಂದು ಧಾರೆ ಜಾಸ್ತಿಯೇ ಸುರಿದಳು. ನನ್ನ ಮುಖ ನೋಡಲಿಲ್ಲ.

ಹಿಂದೂಪುರ ಅಂದರೆ ನಾನು. ಈ ಅಂಕಣ ಓದುವವರಿಗೆ ನನ್ನ ಜಾತಕ ಗೊತ್ತೇ ಇದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಿಂದೂಪುರದಲ್ಲಿ ಸೌದೆ ಭಟ್ಟಿಯ ಒಂದು ಪುಟ್ಟ ಬೇಕರಿ ನನ್ನದು. (ನನಗೂ ಬರೆಯೋಕೆ ಬರುತ್ತೆ ಅಂತ ನಂಬಿಸಿದವರು ಈ ಪತ್ರಿಕೆಯ ಸಂಪಾದಕರು. ಬನ್ನು ತಿನ್ನೋಕೆ ಬಂದವರು ನನ್ನ ಹರಟೆ ಕೇಳಿ, ‘ಇದನ್ನೇ ಬರೆದು ಕೊಡಪ್ಪ’ ಅಂದರು.) ಅಕ್ಕ ನನ್ನಷ್ಟೂ ಓದಿಲ್ಲ. ಕೂಸಾಗಿದ್ದ ನನ್ನನ್ನು ಎತ್ತಿಕೊಳ್ಳೋಕೆ ಒಬ್ಬರು ಬೇಕು ಅಂತ ಅವಳನ್ನು ಮೂರನೇ ಕ್ಲಾಸಿಗೇ ಬಿಡಿಸಿದರು. ಅಲ್ಲಿಂದಲೇ ಶುರು ನೋಡಿ, ನನ್ನ ಭಾರ ಅವಳು ಹೊರೋದು.

ಈಗ ಆ ತುಪ್ಪದ ವಿಷಯಕ್ಕೆ ಬರುತ್ತೇನೆ. ಇಷ್ಟು ವರ್ಷ ಬಾಯಿ ಬಿಡದ ವಿಷಯ.

ನಮ್ಮ ಕಡೆ ಬೇಸಿಗೆ ರಜೆ ಬಂತು ಅಂದರೆ ಹೆಂಗಸರು ಮನೆಯ ಹಿಟ್ಟು, ಮನೆಯ ಬೆಲ್ಲ, ಮನೆಯ ತುಪ್ಪ ಹೊತ್ತುಕೊಂಡು ಭಟ್ಟಿಗೆ ಬರುತ್ತಾರೆ. ಬಿಸ್ಕೆಟ್ ಹಾಕಿಸೋಕೆ. ಬೆಳಗ್ಗಿನ ಬ್ರೆಡ್ಡು, ಬನ್ನು ಇಳಿದ ಮೇಲೆ ಭಟ್ಟಿಯಲ್ಲಿ ಒಂದು ಹದವಾದ ಕಾವು ಉಳಿದಿರುತ್ತದೆ. ಉರಿ ಇಲ್ಲ, ಬರೀ ಇಟ್ಟಿಗೆಯ ಬಿಸಿ. ಮನೆ ಬಿಸ್ಕೆಟ್ಟಿಗೆ ಅದೇ ಸರಿ. ಒಂದೇ ಸಲಕ್ಕೆ ನಾಲ್ಕಾರು ಮನೆಯವರ ಟ್ರೇ ಒಳಗೆ ಹೋಗುತ್ತವೆ. ಯಾರದು ಯಾವುದು ಅಂತ ಗೊತ್ತಾಗೋದು ಹೇಗೆ? ಅದಕ್ಕೆ ಪ್ರತಿ ಮನೆಗೂ ಒಂದು ಗುರುತು. ಒಬ್ಬಳು ಚಮಚದ ಬೆನ್ನು ಒತ್ತುತ್ತಾಳೆ. ಇನ್ನೊಬ್ಬಳು ಒಂದೊಂದು ಬಿಸ್ಕೆಟ್ಟಿಗೂ ಒಂದೊಂದು ಕಡಲೆಬೀಜ ಕೂರಿಸುತ್ತಾಳೆ. ನಮ್ಮಕ್ಕ ಕೈಯಲ್ಲಿರೋ ಬಳೆ ಬಿಚ್ಚಿ ಅದರ ಅಂಚು ಒತ್ತುತ್ತಾಳೆ. ಬಿದಿಗೆ ಚಂದ್ರನ ಹಾಗೆ ಒಂದು ಗೆರೆ ಬೀಳುತ್ತದೆ.

ಅವಳ ಬಿಸ್ಕೆಟ್ಟಿನ ರುಚಿ ಹೇಳಬೇಕಾ? ಹುರಿದ ರಾಗಿ ಹಿಟ್ಟು, ಅರ್ಧದಷ್ಟು ಗೋಧಿ ಹಿಟ್ಟು, ಕುಟ್ಟಿದ ಕಡಲೆಬೀಜ, ಪುಡಿ ಬೆಲ್ಲ, ಚಿಟಿಕೆ ಉಪ್ಪು, ಏಲಕ್ಕಿ. ಕಲಸೋಕೆ ಓಬುಳಮ್ಮನವರು ತಿಂಗಳುಗಟ್ಟಲೆ ಕೂಡಿಟ್ಟ ಎಮ್ಮೆ ತುಪ್ಪ. ಟ್ರೇ ಆಚೆ ಎಳೆದರೆ ಬೀದಿಯಲ್ಲಿ ಹೋಗೋರು ನಿಂತು ಮೂಗು ಅರಳಿಸುತ್ತಾರೆ. ಇಪ್ಪತ್ತು ವರ್ಷದಿಂದ ಭಟ್ಟಿ ಮುಂದೆ ನಿಂತಿದ್ದೇನೆ. ನನ್ನ ಕೈಯಲ್ಲಿ ಅಂಥದ್ದೊಂದು ಆಗಿಲ್ಲ.

ಹನ್ನೊಂದು ವರ್ಷದ ಹಿಂದೆ ಆ ಬಿಸ್ಕೆಟ್ಟನ್ನು ನಾನು ಸುಟ್ಟೆ.

ಅಕ್ಕ ಬೆಳಗ್ಗೆಯೇ ಕಲ್ಯಾಣದುರ್ಗದಿಂದ ಬಂದು ಹಿಟ್ಟು ಕಲಸಿ, ತಟ್ಟಿ, ಬಳೆ ಒತ್ತಿ, ನಾಲ್ಕು ಟ್ರೇ ನನ್ನ ಕೈಗಿಟ್ಟು ಬಟ್ಟೆ ಅಂಗಡಿಗೆ ಹೋಗಿದ್ದಳು. ಅವತ್ತು ನನಗೆ ಊರಿನ ದೊಡ್ಡ ಮನುಷ್ಯರೊಬ್ಬರ ಮೊಮ್ಮಗನ ಬರ್ತ್‌ಡೇ ಕೇಕಿನ ಆರ್ಡರ್. ಮೂರು ಅಂತಸ್ತಿನ ಕೇಕು, ಮೇಲೊಂದು ಸಕ್ಕರೆಯ ಕಾರು. ಆ ಕಾರಿಗೆ ಚಕ್ರ ಅಂಟಿಸುತ್ತಾ ಕೂತೆ. ವಾಸನೆ ಮೂಗಿಗೆ ಬಡಿಯೋ ಹೊತ್ತಿಗೆ ನಾಲ್ಕೂ ಟ್ರೇ ಇದ್ದಿಲು.

ಅಕ್ಕನ ಬಸ್ಸಿಗೆ ಇನ್ನು ಎರಡು ಗಂಟೆ ಇತ್ತು. ತಪ್ಪಾಯ್ತು ಅಂತ ಹೇಳೋಕೆ ಎರಡು ನಿಮಿಷ ಸಾಕಿತ್ತು.

ನಾನೇನು ಮಾಡಿದೆ? ಅಂಗಡಿಯ ಹಿಟ್ಟು ತಗೊಂಡೆ. ಮೈದಾ, ಸಕ್ಕರೆ, ವನಸ್ಪತಿ. ಬಣ್ಣಕ್ಕೆ ಎರಡು ಹಿಡಿ ರಾಗಿ ಹಿಟ್ಟು. ಅದೇ ಅಳತೆಗೆ ತಟ್ಟಿದೆ. ನನ್ನ ಹೆಂಡತಿಯ ಕೈಯಿಂದ ಒಂದು ಬಳೆ ಬಿಚ್ಚಿಸಿ ಅಕ್ಕನ ಗುರುತನ್ನು ನಾನೇ ಒತ್ತಿದೆ. (ಹೆಂಡತಿ ‘ಬ್ಯಾಡ ಕಣ್ರೀ, ಹೇಳ್ಬುಡಿ’ ಅಂದಳು. ‘ಸುಮ್ನಿರೇ’ ಅಂದೆ. ಅವಳೂ ಅವತ್ತಿಂದ ಸುಮ್ಮನಿದ್ದಾಳೆ.) ಅಕ್ಕ ಬಂದಳು. ಡಬ್ಬ ಕಟ್ಟಿಕೊಟ್ಟೆ. “ಬತ್ತೀನಿ ಕಣಪ್ಪ” ಅಂದು ಪೆನುಕೊಂಡದ ಮೇಲೆ ಹೋಗೋ ಬಸ್ಸು ಹತ್ತಿದಳು.

ಮನೆಯಲ್ಲಿ ಓಬುಳಮ್ಮ ಒಂದು ಬಿಸ್ಕೆಟ್ ಮುರಿದು ಬಾಯಿಗೆ ಹಾಕಿಕೊಂಡರಂತೆ. ಅವರ ನಾಲಿಗೆ ಅಂದರೆ ಸಾಮಾನ್ಯದ್ದಲ್ಲ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅಂತ ವಾಸನೆಯಲ್ಲೇ ಹೇಳುವವರು. “ಇದು ನಮ್ಮ ತುಪ್ಪ ಅಲ್ಲ” ಅಂದರು. ಸರಿಯಾಗಿಯೇ ಹೇಳಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವರ ನಾಲಿಗೆಗೆ ನಾನು ಕೈಮುಗಿಯುತ್ತಿದ್ದೆ.

“ತುಪ್ಪಾನ ತೌರಿಗೆ ಸುರಿದು, ಎಣ್ಣೆ ಬಿಸ್ಕೆಟ್ ತಂದವ್ಳೆ ನಮಗೆ!” ಅಂದರು ನೋಡಿ.

ಮುಗಿಯಿತು. ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಭಾವನೂ ಕೇಳಲಿಲ್ಲ. ಮುಂದಿನ ವರ್ಷದಿಂದ ಹೊಸ ಪದ್ಧತಿ ಬಂತು. ಅಕ್ಕ ಬಿಸ್ಕೆಟ್ ಹಾಕಿಸೋಕೆ ಹೊರಟರೆ ಓಬುಳಮ್ಮ ಗೋಡೆಯ ಮೊಳೆಯಿಂದ ಹುಣಸೆಹಣ್ಣು ತೂಗುವ ಕೊಕ್ಕೆ ತಕ್ಕಡಿ ತೆಗೆದು, ತುಪ್ಪದ ಡಬ್ಬ ತೂಗಿ ಕೊಡುತ್ತಿದ್ದರು. ವಾಪಸ್ ಬಂದಾಗ ಮಿಕ್ಕಿದ ತುಪ್ಪವನ್ನೂ ತೂಗುತ್ತಿದ್ದರು. ಹನ್ನೊಂದು ವರ್ಷ, ಒಂದು ಬೇಸಿಗೆಯೂ ತಪ್ಪಿಲ್ಲ.

ಅಲ್ಲ ಸ್ವಾಮಿ, ನನಗೆ ಸಿಟ್ಟು ಬರೋದು ಇದಕ್ಕೇ. ನಮ್ಮ ಮನೆಗಳಲ್ಲಿ ಅಡುಗೆಯ ನ್ಯಾಯ ಎಂಥದ್ದು ನೋಡಿ. ಮುದ್ದೆ ನುಣ್ಣಗೆ ಬಂದರೆ ‘ನಮ್ಮ ಹೊಲದ ರಾಗಿ!’ ಗಂಟಾದರೆ ‘ಇವಳ ಕೈ!’ ಒಬ್ಬಟ್ಟು ಮೆತ್ತಗಿದ್ದರೆ ‘ನಮ್ಮ ಮನೆ ಬೇಳೆ!’ ಹರಿದರೆ ‘ಇವಳ ತೌರಲ್ಲಿ ಕಲಿಸಿಲ್ಲ!’ ರುಚಿ ಇದ್ದಾಗ ಮನೆಯ ಹೆಸರು, ಕೆಟ್ಟಾಗ ಸೊಸೆಯ ಹೆಸರು. ಇದು ಯಾವ ಊರಿನ ಕಾನೂನು?

ಈಗ ನಮ್ಮ ಹಿಂದೂಪುರದಲ್ಲೂ ಗಲ್ಲಿಗೊಂದು ಬೋರ್ಡು. ‘ಹೋಮ್ ಸ್ಟೈಲ್ ಊಟ’. ‘ಹಳ್ಳಿ ರುಚಿ’. ‘ಅಮ್ಮನ ಕೈ ಅಡುಗೆ’. ಚಿಲಮತ್ತೂರಿನ ಹೈವೇ ಪಕ್ಕದಲ್ಲಂತೂ ಮಡಕೆ, ಒನಕೆ ತೂಗುಹಾಕಿ ರಾಗಿ ಮುದ್ದೆ ಕೊಡುತ್ತಾರೆ. ಕಾರಿನಿಂದ ಇಳಿದವರು ಕಣ್ಣು ಮುಚ್ಚಿ, ‘ಆಹಾ, ಮನೆ ಊಟ!’ ಅನ್ನುತ್ತಾರೆ. ಆ ಮನೆ ಊಟ ಮಾಡೋಳಿಗೆ ಮನೆಯಲ್ಲಿ ಏನು ಮರ್ಯಾದೆ ಸಿಗುತ್ತೆ ಅಂತ ಯಾರಾದರೂ ಬೋರ್ಡಿನಲ್ಲಿ ಬರೆದಿದ್ದಾರಾ?

ಇನ್ನೊಂದು ಕೇಳಿ. ಅಳಿಯ ಅತ್ತೆ ಮನೆಯಿಂದ ಹೊರಟರೆ ಚೀಲ ತುಂಬಿ, ಹೊಲಿದು, ಬಸ್ಸಿನ ಮೇಲೆ ಹಾಕಿ ಕಳಿಸುತ್ತೇವೆ. ಸೊಸೆ ತೌರಿಗೆ ಹೊರಟರೆ? ಅವಳ ಚೀಲ ಎಷ್ಟು ಉಬ್ಬಿದೆ ಅಂತ ಇಡೀ ಮನೆ ಕಣ್ಣಲ್ಲೇ ಅಳೆಯುತ್ತದೆ. ಅವತ್ತು ಆ ಬಿಸ್ಕೆಟ್ ನಾಲ್ಕು ಕೈ ದಾಟಿತ್ತು. ಕಲಸಿದವಳು, ಬೇಯಿಸಿದವನು, ಕಟ್ಟಿಕೊಟ್ಟವನು, ಹೊತ್ತು ತಂದವಳು. ಇದರಲ್ಲಿ ನಡುವಿನ ಎರಡೂ ಕೈ ನನ್ನದೇ. ‘ಆ ಭಟ್ಟಿಯವನನ್ನು ಒಂದು ಮಾತು ಕೇಳೋಣ’ ಅಂತ ಒಬ್ಬರಿಗಾದರೂ ಹೊಳೆಯಲಿಲ್ಲವಲ್ಲ! ಯಾಕೆ ಹೊಳೆಯಬೇಕು? ನಾನು ಗಂಡಸು, ಬೇಕರಿ ಓನರು.

ಹೀಗೆಲ್ಲ ಸಿಟ್ಟು ಮಾಡಿಕೊಳ್ಳೋಕೆ ನನಗೆ ಏನು ಹಕ್ಕಿದೆ ಅಂತ ನೀವು ಕೇಳಬಹುದು. ಇಲ್ಲ. ಆ ಸುಳ್ಳಿಗೆ ಹಿಟ್ಟು ಕಲಸಿದವನು ನಾನೇ. ಪ್ರತಿ ಬೇಸಿಗೆಯೂ ಅಕ್ಕ ತೂಗಿಸಿಕೊಂಡ ಡಬ್ಬ ತಂದು ನನ್ನ ಮುಂದೆ ಇಡುತ್ತಿದ್ದಳು. ಪ್ರತಿ ಬೇಸಿಗೆಯೂ ‘ಈ ಸಲ ಹೇಳಿಬಿಡೋಣ’ ಅಂದುಕೊಳ್ಳುತ್ತಿದ್ದೆ. ‘ಟೀ ಕುಡೀತೀಯಾ ಅಕ್ಕಾ?’ ಅನ್ನುತ್ತಿದ್ದೆ.

ಭಾನುವಾರ ಮಾತ್ರ ಸುಮ್ಮನಿರೋಕೆ ಆಗಲಿಲ್ಲ. ಬೀಗರ ಮುಂದೆ, ತಲೆ ತುಂಬ ಹೂ ಮುಡಿದು ಕೂತ ಬಸುರಿ ಮಗಳ ಮುಂದೆ ಅವಳನ್ನು ಕಳ್ಳಿ ಅಂದರು. ಅದಕ್ಕೆ ನಾನೂ ನಕ್ಕೆ.

ಕೈ ತೊಳೆದು ಹಿತ್ತಲಿಗೆ ಹೋದೆ. ಎಲ್ಲರದೂ ಮುಗಿದ ಮೇಲೆ ಅಕ್ಕ ಬಾವಿಕಟ್ಟೆ ಮೇಲೆ ಕೂತು ಹರಿದ ಒಬ್ಬಟ್ಟು ತಿನ್ನುತ್ತಿದ್ದಳು. ತಟ್ಟೆಯಲ್ಲಿ ತುಪ್ಪ ಇರಲಿಲ್ಲ.

“ಅಕ್ಕಾ, ಆವತ್ತು ನಿನ್ನ ಬಿಸ್ಕೆಟ್ ನಾನು ಸುಟ್ಬುಟ್ಟೆ. ನಿಂಗೆ ಕಟ್ಟಿಕೊಟ್ಟಿದ್ದು ಅಂಗಡಿ ಮಾಲು.”

ಅವಳು ಅಗಿಯೋದು ನಿಲ್ಲಿಸಲಿಲ್ಲ.

“ಗೊತ್ತು ಕಣ್ಲಾ.”

“ಏನ್ ಗೊತ್ತು?”

“ಡಬ್ಬ ಬಿಚ್ಚಿದಾಗ್ಲೇ ಗೊತ್ತಾಯ್ತು. ನಂದು ಕಡ್ಡಿಯಂಥ ಬಳೆ, ಗುರುತು ದಾರದ ಎಳೆ ಹಂಗೆ ಬೀಳ್ತದೆ. ಅದ್ರಲ್ಲಿ ಬಿದ್ದಿದ್ದು ಅಗಲದ್ದು. ನಿನ್ ಹೆಂಡ್ತಿ ಬಳೆ ಅಲ್ವಾ? ಆ ಯುಗಾದಿಗೆ ನಾನೇ ತೊಡಿಸಿದ್ದು, ನಂಗೆ ಗೊತ್ತಾಗಲ್ವಾ?”

ಅಲ್ಲೇ ನೆಲದ ಮೇಲೆ ಕೂತೆ.

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ? ‘ಹಿಂದೂಪುರದ ಭಟ್ಟಿಯೋನು ಮನೆ ಮಾಲು ಬದ್ಲಾಯಿಸ್ತಾನೆ’ ಅಂತ ಕಂಬದೂರ ತನಕ ಊರೂರೇ ಆಡ್ಕೊಳ್ತಿದ್ರು. ಆವಾಗಿನ್ನೂ ನೀನು ಸ್ವಂತ ಬೇಕರಿ ಇಟ್ಟು ಎರಡು ವರ್ಷ. ಇನ್ಯಾರು ಹಿಟ್ಟು ತರ್ತಿದ್ರು ನಿನ್ನತ್ರಕ್ಕೆ?” ತಟ್ಟೆಯ ಕೊನೆ ಚೂರು ಬಾಯಿಗೆ ಹಾಕಿಕೊಂಡಳು. “ನೀನೇ ಬಂದು ಹೇಳ್ತೀಯ ಅಂತ ಒಂದು ವರ್ಷ ಕಾದೆ. ಆಮೇಲೆ ಅಭ್ಯಾಸ ಆಗೋಯ್ತು ಬುಡು.”

ಅಭ್ಯಾಸ ಆಗೋಯ್ತಂತೆ! ಕಳ್ಳಿ ಅನ್ನಿಸಿಕೊಳ್ಳೋದು ಯಾರಿಗಾದರೂ ಅಭ್ಯಾಸ ಆಗೋ ವಿಷಯವಾ?

ಎದ್ದು ಸೀದಾ ನಡುಮನೆಗೆ ಹೋದೆ. ಬೀಗರು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರು ತೆಲುಗಿನವರು. ಯಾರಿಗೂ ಅನುಮಾನ ಉಳಿಯಬಾರದು ಅಂತ ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಹೇಳಿದೆ. ಕೇಕು, ಕಾರು, ಸುಟ್ಟ ಟ್ರೇ, ವನಸ್ಪತಿ, ಹೆಂಡತಿಯ ಬಳೆ, ಒಂದೂ ಬಿಡಲಿಲ್ಲ. “ನಮ್ಮಕ್ಕ ಒಂದು ತೊಟ್ಟು ತುಪ್ಪ ನನಗೆ ಕೊಟ್ಟಿಲ್ಲ ಅತ್ತೆ. ಕಳ್ಳ ನಾನು” ಅಂದೆ.

ಓಬುಳಮ್ಮ ಕಣ್ಣೊರೆಸಿಕೊಂಡರು. ಬೀಗರ ಕಡೆ ತಿರುಗಿ, “ಚೂಶಾರಾ? ತಮ್ಮುಡಂಟೇ ಇಲಾ ಉಂಡಾಲಿ!” ಅಂದರು.

ನೋಡಿದಿರಾ, ತಮ್ಮ ಅಂದರೆ ಹೀಗಿರಬೇಕಂತೆ!

ಭಾವ ನನ್ನ ಬೆನ್ನು ತಟ್ಟಿದರು. “ಅಕ್ಕನ ಮಾನ ಉಳ್ಸೋಕೆ ತನ್ನ ಮೇಲೇ ಹಾಕ್ಕೊಂತಾವ್ನೆ ಪಾಪ. ಈ ಕಾಲ್ದಲ್ಲಿ ಯಾರಿರ್ತಾರೆ ಹಿಂಗೆ?” ಬೀಗರ ಪೈಕಿ ಒಬ್ಬ ಹಿರಿಯರು ಎದ್ದು ಬಂದು ನನ್ನ ಕೈ ಕುಲುಕಿದರು. ನಾನು ಆಣೆ ಇಟ್ಟೆ. ದೇವರ ಫೋಟೋ ಮುಟ್ಟಿದೆ. ನಾನು ಎಷ್ಟು ಗಟ್ಟಿಯಾಗಿ ಹೇಳಿದರೆ ಅಷ್ಟು ಒಳ್ಳೆಯವನಾಗುತ್ತಾ ಹೋದೆ. ನಾನು ಎಷ್ಟು ಒಳ್ಳೆಯವನಾದೆನೋ ಅಕ್ಕ ಅಷ್ಟು ಕಳ್ಳಿಯಾದಳು. ಇಂಥ ತಮ್ಮನ ಕೈಲಿ ಸುಳ್ಳು ಹೇಳಿಸುತ್ತಾಳಲ್ಲ ಅಂತ ಒಬ್ಬಳು ಹೆಂಗಸು ಪಿಸುಗುಟ್ಟಿದ್ದು ನನ್ನ ಕಿವಿಗೇ ಬಿತ್ತು.

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

“ಆವತ್ತೇ ಹೇಳಿದ್ರೆ ನಂಬ್ತಿದ್ರು ಕಣ್ಲಾ, ಸೀನ” ಅಂದಳು. ಬೈಯೋ ದನಿಯಲ್ಲ. ಹೊತ್ತಾಯಿತು, ಬಸ್ಸು ಹೋಯಿತು ಅನ್ನುತ್ತೇವಲ್ಲ, ಹಾಗೆ. ಒಳಗೆ ಹೋದಳು. ಪಾತ್ರೆಗಳ ಸದ್ದು ಶುರುವಾಯಿತು.

ನಾನು ಚಪ್ಪಲಿ ಮೆಟ್ಟುವಾಗ ಓಬುಳಮ್ಮ ತುಪ್ಪದ ಡಬ್ಬ ತಂದು ನನ್ನ ಎದೆಗೆ ಒತ್ತಿದರು.

“ಬಸುರಿ ಹುಡ್ಗಿ ಬಿಸ್ಕೆಟ್ ಕೇಳ್ತಾವ್ಳೆ. ತುಪ್ಪ ನಿಮ್ಮಕ್ಕನ ಕೈಲಿ ಕಳ್ಸೋದು ಬ್ಯಾಡ. ನೀನೇ ತಗೊಂಡೋಗಿ ಹಾಕಿ ಕಳ್ಸು ನಾಯನಾ.”

ತಕ್ಕಡಿ ಅವರ ಹಿಂದೆಯೇ ಮೊಳೆಯಲ್ಲಿ ನೇತಾಡುತ್ತಿತ್ತು. ನಾನೇ ಕೈ ಚಾಚಿ ತೆಗೆದು ಅವರ ಮುಂದೆ ಹಿಡಿದೆ.

“ತೂಗಿ ಕೊಡಿ ಅತ್ತೆ.”

ಓಬುಳಮ್ಮ ಗಾಬರಿಯಾಗಿ ಎರಡು ಹೆಜ್ಜೆ ಹಿಂದಕ್ಕೆ ಸರಿದರು. “ಛೀ ಛೀ, ಎಂಥಾ ಮಾತಪ್ಪ! ನಿನ್ನನ್ನ ತೂಗೋದಾ?” ಅಂದರು.

ಹಾಗಾದರೆ ಹನ್ನೊಂದು ವರ್ಷ ಆ ಕೊಕ್ಕೆಗೆ ಸಿಕ್ಕಿಸಿ ತೂಗಿದ್ದು ತುಪ್ಪವನ್ನಲ್ಲ ಅಂತ ಅವರಿಗೂ ಗೊತ್ತಿತ್ತಲ್ಲವೇ?