ಕಡಲೆ ಹೊಲದಾಚೆಯ ನೀರು

ಎಪ್ಪತ್ತರ ಸಿದ್ದಲಿಂಗವ್ವ ತನ್ನ ಕಡಲೆ ಹೊಲದ ನಟ್ಟನಡುವೆ, ಕುಡುಗೋಲು ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟಿದ್ದಳು. ಎದುರಿಗೆ ಬೆಳಗಾವಿಯಿಂದ ಬಂದ ಹನ್ನೆರಡು ಮಂದಿ ಕಾಲೇಜು ಹುಡುಗ ಹುಡುಗಿಯರು, ಇಬ್ಬಿಬ್ಬರಿಗೆ ಒಂದರಂತೆ ಉದ್ದುದ್ದ ಹಲಗೆಗಳನ್ನು ತಲೆಯ ಮೇಲೆ ಹೊತ್ತು ನಿಂತಿದ್ದರು. ಹಿಂದೆ ಹೋಗಲಾರರು, ಮುಂದೆ ಬರಲಾರರು. ಅವರು ತುಳಿದು ಬಂದ ಕಡೆ ಹೂಬಿಟ್ಟ ಗಿಡಗಳು ನೆಲಕ್ಕೆ ಮಲಗಿದ್ದವು.

"ಕಣ್ಣು ನೆತ್ತಿಮ್ಯಾಲ ಬಂದಾವೇನ್ರೋ? ಇನ್ನೊಂದು ಹೆಜ್ಜಿ ಇಟ್ಟ್ರ ನೋಡ್ರಿ ಮತ್ತ!" ಎಂದಳು ಮುದುಕಿ. "ಎಲ್ಲದಾನ ನಿಮ್ಮ ಮೀರಾಸಾಬ? ಕರೀರಿ ಅವನ್ನ!"

ಮೀರಾಸಾಬ ಅಲ್ಲೇ ಇದ್ದ, ಕೊನೆಯ ಹಲಗೆಯ ಹಿಂದೆ. ಐವತ್ತೊಂಬತ್ತು ವರ್ಷದ ಆಳು, ಜೀವನವಿಡೀ ಲಾರಿ ತಿರುಗಿಸಿದ ತೋಳು; ಆದರೆ ಆ ಹೊತ್ತು ಹುಡುಗರ ಮುಂದೆ ಮುಖ ತೋರಿಸಲು ನಾಚಿಕೆಯಾಗಿತ್ತು. "ಡ್ಯಾಮಿನ ಜಾಗ, ಯಾರಪ್ಪನದೂ ಅಲ್ಲ, ನಡೀರಿ" ಎಂದು ಅವರನ್ನು ಹೊಲಕ್ಕೆ ಇಳಿಸಿದವನೇ ಅವನು. ಏನು ಮಾಡುವುದು? ಎಲ್ಲರನ್ನೂ ವಾಪಸ್ ತಿರುಗಿಸಿ, ರೊಟ್ಟಿ ತಿನ್ನಿಸಿ, ಕೈಮುಗಿದು ಬಸ್ಸು ಹತ್ತಿಸಿದ. ನೀರು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಸಿಗಲಿಲ್ಲ.

ಈ ಹಲಗೆಗಳ ಕಥೆ ಸ್ವಲ್ಪ ವಿಚಿತ್ರವಾದದ್ದು. ಮೀರಾಸಾಬ ಮೊದಲು ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಹೇರುತ್ತಿದ್ದ. ಆಮೇಲೆ ಕುಮಟಾದ ಕಡೆ ಕಡಲ ದಂಡೆಯ ಒಂದು ಸಣ್ಣ ಸರ್ಫಿಂಗ್ ಕ್ಯಾಂಪಿಗೆ ಡ್ರೈವರ್ ಆಗಿ ಸೇರಿದ. ಸರ್ಫಿಂಗ್ ಅಂದರೆ ಅಲೆ ಬಂದಾಗ ಹಲಗೆಯ ಮೇಲೆ ಎದ್ದು ನಿಂತು ಅದರ ಜೊತೆಗೇ ದಂಡೆಗೆ ಬರುವ ಆಟ. ಹನ್ನೊಂದು ವರ್ಷ ಅಲ್ಲಿದ್ದು, ಡ್ರೈವರ್ ಆಗಿದ್ದವನು ಅಡುಗೆಯವನಾಗಿ, ಅಡುಗೆಯವನು ಕಲಿಸುವವನಾಗಿ, ನಲವತ್ತೈದು ದಾಟಿದ ಮೇಲೆ ಅಲೆಯ ಮೇಲೆ ನಿಂತ. ಕ್ಯಾಂಪಿನ ಮಾಲೀಕ ಅಂಗಡಿ ಮುಚ್ಚಿ ತನ್ನ ದೇಶಕ್ಕೆ ಹೊರಟಾಗ ಆರು ಹಲಗೆಗಳನ್ನು ಇವನಿಗೆ ಕೊಟ್ಟುಹೋದ. ಅವನ್ನು ಟೆಂಪೋದ ನೆತ್ತಿಗೆ ಕಟ್ಟಿಕೊಂಡು ಮೀರಾಸಾಬ ನೇರ ತನ್ನೂರಿಗೆ, ಸವದತ್ತಿಯ ಡ್ಯಾಮಿನ ಹಿನ್ನೀರಿಗೆ ಬಂದ. ಚಹಾದಂಗಡಿಯವರು ನಕ್ಕಿದ್ದೇ ನಕ್ಕಿದ್ದು.

"ಹಲಗಿ ತಂದಿ, ಖರೇ. ಸಮುದ್ರ ಎಲ್ಲಿ ಇಳಿಸಿ ಬಂದೀಯೋ ಮಾರಾಯಾ?"

"ಹಲಗಿಗೆ ನೀರು ಬೇಕ್ರಿ. ಉಪ್ಪು ಬೇಕಂತ ಯಾರು ಹೇಳ್ಯಾರ?" ಎಂದಿದ್ದ ಇವನು.

ಹಿನ್ನೀರಿನಲ್ಲಿ ಅಲೆ ಇಲ್ಲ, ಅದು ಸತ್ಯ. ಹಲಗೆಯ ಮೇಲೆ ನಿಂತು ಹುಟ್ಟು ಹಾಕುವುದನ್ನು ಕಲಿಸುತ್ತಾರೆ, ಅಷ್ಟೇ. ಬೇಸಿಗೆಯ ಕೊನೆಗೆ ಪಡುವಣ ಗಾಳಿ ಎದ್ದಾಗ ಮಾತ್ರ ಹೊಸಬರನ್ನು ಬೀಳಿಸುವಷ್ಟು ಅಲೆ ಏಳುತ್ತದೆ, ಆಗ ಮೀರಾಸಾಬನಿಗೆ ಹಬ್ಬ. ದಂಡೆಯ ಮೇಲೆ ಬಾಡಿಗೆಯ ಜಾಗದಲ್ಲಿ ತಗಡಿನ ಶೆಡ್. ಹೆಂಡತಿ ಮದರಬಿ ತೊರಗಲ್ಲಿನವಳು, ಒಲೆ ಅವಳದು. ಅವಳ ಎಣ್ಣೆಗಾಯಿಗೆಂದೇ ಎರಡನೇ ಸಲ ಬರುವವರಿದ್ದಾರೆ. ಮಗಳು ನಾಜಿಯಾ ಫೋನು ನೋಡಿಕೊಳ್ಳುತ್ತಾಳೆ, ಹುಡುಗಿಯರಿಗೆ ಈಜು ಕಲಿಸುತ್ತಾಳೆ. ಮೊದಲ ಎರಡು ವರ್ಷ ನೊಣ ಹೊಡೆದರು. ಮೂರನೇ ವರ್ಷ ಕಿತ್ತೂರು, ಬೈಲಹೊಂಗಲದ ಸಾಲೆಗಳಿಂದಲೂ ಕೇಳಲು ಶುರುಮಾಡಿದ್ದರು. ಹೀಗೆ ಕೈಗೆ ಬಂದ ತುತ್ತು ಈಗ ಬಾಯಿಗೆ ಬರದಂತಾಯಿತು.

ಯಾಕೆಂದರೆ ಹೋದ ಎರಡು ವರ್ಷ ಬಿತ್ತನೆಯ ಹೊತ್ತು ದಾಟುವ ತನಕ ಶೆಡ್ಡಿನ ಮುಂದೆಯೇ ಇದ್ದ ನೀರು ಈ ಸಲ ಬೇಗ ಹಿಂದೆ ಸರಿದಿತ್ತು. ಹಿನ್ನೀರಿನ ದಂಡೆ ಒಂದು ಕಡೆ ನಿಲ್ಲುವುದಲ್ಲ. ದೀಪಾವಳಿಗೆ ಶೆಡ್ಡಿನ ಬಾಗಿಲಿಗಿದ್ದ ನೀರು ಶಿವರಾತ್ರಿಯ ಹೊತ್ತಿಗೆ ಒಂದು ಹೊಲದಾಚೆ. ನೀರು ಬಿಟ್ಟುಹೋದ ನೆಲದಲ್ಲಿ ಸುತ್ತಲಿನವರು ಕಡಲೆ, ಸೌತೆ ಬಿತ್ತುತ್ತಾರೆ. ಅದಕ್ಕೆ ಪಹಣಿಯಿಲ್ಲ, ಪತ್ರವಿಲ್ಲ. ಆದರೂ ಒಬ್ಬರದನ್ನು ಒಬ್ಬರು ಬಿತ್ತುವುದಿಲ್ಲ. ಡ್ಯಾಮು ಕಟ್ಟುವ ಮೊದಲು ಯಾರದು ಎಲ್ಲಿತ್ತೋ ಅವರು ಅಲ್ಲಿಯೇ ಬಿತ್ತಬೇಕು. ಐವತ್ತು ವರ್ಷ ನೀರಲ್ಲಿ ನೆಂದರೂ ಒಡ್ಡಿನ ಗುರುತು ಮರೆಯದ ಜನ. ಶೆಡ್ಡಿನ ಮುಂದಿನದು ಸಿದ್ದಲಿಂಗವ್ವನ ಗಂಡನ ಮನೆಯವರದು. ಅದು ಗರಸು, ಕಲ್ಲುಮಿಶ್ರ ನೆಲ, ಕಾಲು ನಿಲ್ಲುತ್ತದೆ. ಆಚೀಚೆ ಎರಡೂ ಕಡೆ ಎರೆಮಣ್ಣಿನ ರಾಡಿ, ಮೇಲೆ ಒಣಗಿದಂತೆ ಕಂಡು ಒಳಗೆ ಸೊಂಟದ ತನಕ ಎಳೆದುಕೊಳ್ಳುತ್ತದೆ. ಹೋದ ವರ್ಷ ಒಂದು ಎಮ್ಮೆಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎತ್ತಿದ್ದರು. ಅಂದರೆ ಸಿದ್ದಲಿಂಗವ್ವ ದಾರಿ ಕೊಟ್ಟರೆ ಕ್ಯಾಂಪು, ಇಲ್ಲದಿದ್ದರೆ ಮಳೆಗಾಲದ ತನಕ ಬೀಗ.

"ಅರ್ಜಿ ಕೊಡೂಣು ಅಬ್ಬಾ," ಎಂದಳು ನಾಜಿಯಾ, ಮಧ್ಯಾಹ್ನ ಊಟಕ್ಕೆ ಕೂತಾಗ. "ಸರಕಾರದ ಜಾಗಾದಾಗ ಬಿತ್ಯಾಳ. ಆಫೀಸಿನವರು ಒಂದ ದಿನದಾಗ ಕಿತ್ತಸ್ತಾರ."

"ಬಿತ್ತಿದ್ದನ್ನ ಕಿತ್ತಿಸಿ ನೀ ಹೊಟ್ಟಿ ತುಂಬಿಸ್ಕೋತೀಯೇನ?" ಎಂದು ಮದರಬಿ ರೊಟ್ಟಿ ಬುಟ್ಟಿಯನ್ನು ಅತ್ತ ಸರಿಸಿದಳು. "ತುಳದವರು ನಾವು. ಹೋಗಿ ಕೇಳ್ರಿ ನೀವು. ಕೇಳಾಕ ಬಾಯಿ ಇಲ್ಲೇನು?"

ಮೀರಾಸಾಬ ಹೋದ. ಹೊಲದ ದಾರಿಯ ಜಗಳಕ್ಕೆ ಜಾತಿಯಿಲ್ಲ ಧರ್ಮವಿಲ್ಲ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೇ ಅದಕ್ಕಾಗಿ ಮುಖ ನೋಡದೆ ಸತ್ತಿದ್ದಾರೆ. ಅದು ಅವನಿಗೂ ಗೊತ್ತಿತ್ತು. ಮುದುಕಿ ಕಟ್ಟೆಯ ಮೇಲೆ ಕೂತು ಸೊಸೆ ಭಾಗೀರಥಿಯ ಜೊತೆ ಸುಲಗಾಯಿ ಬಿಡಿಸುತ್ತಿದ್ದಳು. ಹಸಿ ಕಡಲೆಯ ಹುಳಿ ವಾಸನೆ ಅಂಗಳದ ತುಂಬ.

"ತಪ್ಪಾತು ಅಕ್ಕಾ," ಎಂದ. "ಕೇಳದ ಇಳಿಬಾರದಿತ್ತು. ಒಂದು ಮೊಳ ದಾರಿ ಕೊಡ್ರಿ ಸಾಕು. ಬೆಳಿ ಹಾಳಾದಷ್ಟು ತುಂಬಿಕೊಡತೇನಿ."

"ಕೊಡಾಂಗಿಲ್ಲ."

"ಯಾಕ್ರಿ ಅಕ್ಕಾ?"

"ನಿಮ್ಮಪ್ಪ ಕೊಟ್ಟಿದ್ದನೇನು?"

ಮೀರಾಸಾಬನಿಗೆ ತಿಳಿಯಲಿಲ್ಲ. ಅವಳ ಹೊಲದ ಆಚೆಗಿನದು ಅವನ ಅಪ್ಪನ ಹೊಲ, ಅದು ಇನ್ನೂ ನೀರೊಳಗಿತ್ತು. ಅದರಾಚೆ ಮುಳುಗಿದ ಹಳೇ ಊರ ಸಿಹಿನೀರಿನ ಬಾವಿ. ಆ ಬಾವಿಯಲ್ಲೇ ಅಪ್ಪ ಅವನ ಸೊಂಟಕ್ಕೆ ಹಗ್ಗ ಕಟ್ಟಿ ಈಸು ಕಲಿಸಿದ್ದ. ಕಡಲಿನಲ್ಲಿ ದೊಡ್ಡ ಅಲೆ ಬಂದಾಗಲೆಲ್ಲ ಅವನು ನೆನೆಯುತ್ತಿದ್ದದ್ದು ಆ ಹಗ್ಗ ಹಿಡಿದ ಕೈಯನ್ನೇ. ಅಪ್ಪನ ಮೇಲೆ ಯಾರಾದರೂ ಒಂದು ಮಾತು ಆಡಿದರೆ ಕೊರಳಪಟ್ಟಿ ಹಿಡಿಯುವ ಮನುಷ್ಯ ಅವನು.

ಸಿದ್ದಲಿಂಗವ್ವ ಹೇಳಿದಳು. ಮದುವೆಯಾಗಿ ಬಂದಾಗ ಅವಳಿಗೆ ಹದಿನಾರು. ಅವಳ ಮಾವನಿಗೂ ಇವನ ಅಪ್ಪನಿಗೂ ಯಾವುದೋ ಎತ್ತಿನ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಮರುದಿನ ಬೆಳಗಾಗುವುದರೊಳಗೆ ಇವನ ಅಪ್ಪ ತನ್ನ ಹೊಲದೊಳಗಿಂದ ಬಾವಿಗೆ ಹೋಗುವ ಒಡ್ಡಿನ ಮೇಲೆ ಜಾಲಿ ಮುಳ್ಳು ಬಡಿದಿದ್ದ.

"ಒಡ್ಡಿನ ಮ್ಯಾಲಿಂದ ಹೋದ್ರ ಬಾವಿ ಇಲ್ಲೇ. ಸುತ್ತ ಹಾಕಿ ಹಳ್ಳ ದಾಟಿ ಬಂದ್ರ ಅರ್ಧ ತಾಸು. ದಿನಕ್ಕ ನಾಕು ಸಲ, ತಲಿಮ್ಯಾಲೊಂದು ಕೊಡ, ಬಗಲಾಗೊಂದು ಕೊಡ. ಜಗಳ ಮಾಡಿದವರು ಗಂಡಸರು. ನೀರು ಹೊತ್ತಾಕಿ ನಾನು," ಎಂದಳು. "ಎರಡು ವರ್ಷ ಹೊತ್ತೆ. ಆಮ್ಯಾಲೆ ಡ್ಯಾಮಿನ ನೀರು ಬಂದು ಎಲ್ಲಾ ಮುಳಗಿತು. ಚಲೋ ಆತು ಅಂದೆ ನಾನು. ಊರೆಲ್ಲಾ ಅಳತಿತ್ತು, ನಾ ಒಬ್ಬಾಕಿ ಚಲೋ ಆತು ಅಂದೆ."

ಹೊಲ ಮುಳುಗಿತ್ತು, ಊರು ಮುಳುಗಿತ್ತು, ಜಗಳ ಮಾತ್ರ ಈಜಿಕೊಂಡು ದಂಡೆಗೆ ಬಂದಿತ್ತು. ಮೀರಾಸಾಬ ಎದ್ದುಬಂದ. ಬರುವಾಗ ದಾರಿಯಲ್ಲಿ ಕಾಲು ನಿಂತುಬಿಟ್ಟಿತು. ಆ ಮುಳ್ಳು ಅವನಿಗೆ ನೆನಪಿತ್ತು! ಅಪ್ಪ ನಸುಕಿನಲ್ಲಿ ಎಬ್ಬಿಸಿ ಕರೆದುಕೊಂಡು ಹೋಗಿದ್ದು, ಅಪ್ಪ ದೊಡ್ಡ ಟೊಂಗೆ ಎಳೆದದ್ದು, ತಾನು ಸಣ್ಣದನ್ನು ಎಳೆದದ್ದು. ಆಡು ಒಳಗೆ ಬರಬಾರದೆಂದು ಮುಳ್ಳು ಹಚ್ಚುತ್ತಿದ್ದೇವೆ ಎಂದಿದ್ದ ಅಪ್ಪ. ಅಪ್ಪನ ಜೊತೆ ದೊಡ್ಡವರ ಕೆಲಸ ಮಾಡಿದ್ದೇನೆಂದು ಬಾಲ್ಯವಿಡೀ ಬೀಗಿದ ಬೆಳಗು ಅದು. ಅದರ ಒಳಗೆ ಇದಿತ್ತೇ? ಮನೆಗೆ ಬಂದು ಮದರಬಿಯ ಮುಂದೆ ಕೂತು ಹೇಳಿದ. ಹೇಳುತ್ತಾ ಕಣ್ಣಲ್ಲಿ ನೀರು ಬಂತು.

"ಅಕಿಗೆ ಹೇಳಿದ್ರೇನು, ನೀವೂ ಎಳದಿದ್ರಿ ಅಂತ?" ಎಂದು ಕೇಳಿದಳು ಮದರಬಿ.

"ಹೇಳಿದ್ರ ಮುಗೀತು ನೋಡು. ದಾರಿ ಈ ಜನ್ಮದಾಗ ಇಲ್ಲ."

ಮದರಬಿ ಒಲೆಯ ಕಡೆ ತಿರುಗಿದಳು. ಆ ಹೆಂಗಸು ಬೆನ್ನು ತಿರುಗಿಸಿದರೆ ಬೈದದ್ದಕ್ಕಿಂತ ಹೆಚ್ಚು.

ಮೂರು ದಿನ ಬಿಟ್ಟು ಮೀರಾಸಾಬ ಮತ್ತೆ ಆ ಕಟ್ಟೆಗೆ ಹೋದ. ಈ ಸಲ ದಾರಿಯ ಮಾತೇ ಎತ್ತಲಿಲ್ಲ. "ಬಾವಿ ಇನ್ನೂ ಐತಿ ಅಕ್ಕಾ," ಎಂದ. "ಅದರ ಕಟ್ಟಿ ನೀರಿನ ಕೆಳಗ ಒಂದೆರಡು ಮೊಳದಾಗ ಐತಿ. ಬಲಿ ಅದಕ್ಕ ಸಿಕ್ಕಿ ಹರೀತಾವಂತ ಮೀನು ಹಿಡಿಯವರು ಅಲ್ಲಿ ಬೊಂಬು ನೆಟ್ಟಾರ. ಬರ್ರಿ, ಕರ್ಕೊಂಡು ಹೋಗತೇನಿ."

"ಹೆಂಗ? ಆ ಹಲಗಿಮ್ಯಾಲ? ದಾರಿ ಕೊಡಲಿಲ್ಲಂತ ಮುಳುಗಸಾಕ ನೋಡತೀಯೇನು?"

"ಅಯ್ಯ, ಬ್ಯಾಡ್ರೀ ಅತ್ತಿ!" ಎಂದಳು ಭಾಗೀರಥಿ.

ಸೊಸೆ ಬೇಡ ಎಂದಿದ್ದೇ ತಡ, ಮುದುಕಿ ಎದ್ದಳು.

ತನ್ನ ಹೊಲದಲ್ಲಿ ತಾನೇ ಮುಂದೆ ನಡೆದಳು. ಹಲಗೆ ಹೊತ್ತ ಅಪ್ಪ ಮಗಳಿಗೆ ಒಡ್ಡಿನ ಅಂಚಿನಲ್ಲೇ ಕಾಲಿಡಿರೆಂದು ಬೈಯುತ್ತಾ ನಡೆದಳು. ನೀರಿನ ಅಂಚಿನಲ್ಲಿ ಮದರಬಿ ಅವಳ ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೀಟು ಬಿಗಿದಾಗ "ಇದೇನ, ನನಗ ಬಾಶಿಂಗ ಒಂದು ಕಟ್ಟೋದು ಉಳೀತು" ಎಂದಳು ಮುದುಕಿ. ನಾಜಿಯಾ ಬಾಯಿಗೆ ಸೆರಗು ಒತ್ತಿ ನಕ್ಕಳು. ಮುದುಕಿ ಹಲಗೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು, ಎರಡೂ ಅಂಚು ಗಟ್ಟಿಯಾಗಿ ಹಿಡಿದಳು. ಮೀರಾಸಾಬ ಲುಂಗಿ ಮೇಲೆ ಕಟ್ಟಿ ಎದೆಮಟ್ಟದ ನೀರಿನಲ್ಲಿ ಹಲಗೆಯನ್ನು ಹಿಂದಿನಿಂದ ನೂಕುತ್ತಾ ನಡೆದ. ಕಾಲಕೆಳಗೆ ಇದ್ದದ್ದು ಅಪ್ಪನ ಹೊಲ.

"ನೆಟ್ಟಗ ನಡಿ," ಎಂದಳು ಅವಳು. "ಸುತ್ತ ಹಾಕಬ್ಯಾಡ."

ಅವನು ನೆಟ್ಟಗೆ ನಡೆದ. ನಡೆದದ್ದು ಸ್ವಲ್ಪವೇ ಹೊತ್ತು, ಬೊಂಬು ಬಂದೇಬಿಟ್ಟಿತು. ಸಿದ್ದಲಿಂಗವ್ವ ಬೊಂಬನ್ನು ಹಿಡಿದುಕೊಂಡಳು. ತಿರುಗಿ ತನ್ನ ಕಡಲೆ ಹೊಲವನ್ನು ನೋಡಿದಳು, ನೀರನ್ನು ನೋಡಿದಳು, ಮತ್ತೆ ಹೊಲವನ್ನು ನೋಡಿದಳು.

"ಇಷ್ಟ ದಾರಿ ಇತ್ತಲ್ಲೋ ಮೀರಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಇಷ್ಟ."

ಆ ಮಾತನ್ನು ಕೇಳಿ ಸುಮ್ಮನಿರುವುದು ಅವನಿಂದ ಆಗಲಿಲ್ಲ. ದಾರಿ ಹೋದರೆ ಹೋಗಲಿ. ಆರು ಹಲಗೆ, ತಗಡಿನ ಶೆಡ್, ಮಗಳ ಫೋನು, ಎಲ್ಲ ಹೋದರೆ ಹೋಗಲಿ.

"ಅಕ್ಕಾ, ಆ ಮುಳ್ಳು ನಾನೂ ಎಳದಿದ್ದೆ," ಎಂದ. "ಅಪ್ಪನ ಜೋಡಿ. ಆಡಿಗೆ ಅಂತ ಹೇಳಿದ್ದ. ಆದ್ರೂ ಎಳದಾವ ನಾನೂ ಹೌದು."

ಸಿದ್ದಲಿಂಗವ್ವ ಬೊಂಬು ಬಿಡಲಿಲ್ಲ.

"ನನಗ ಗೊತ್ತಿಲ್ಲೇನು?" ಎಂದಳು. "ಕೊಡ ಹೊತ್ಕೊಂಡು ಅಲ್ಲೇ ನಿಂತಿದ್ನಲ್ಲ. ನಿಮ್ಮಪ್ಪ ತಿರುಗಿ ನೋಡದ ಟೊಂಗಿ ತರಾಕ ಹ್ವಾದ. ನೀ ಅಂಗೈಗೆ ಮುಳ್ಳು ಚುಚ್ಚಿಸ್ಕೊಂಡು ಗೊಣ್ಣಿ ಸುರಿಸ್ಕೋತ ಅಳಾಕ ಹತ್ತಿದ್ದಿ. ಬಳ್ಯಾಗಿನ ಪಿನ್ನ ತಗದು ಮುಳ್ಳು ತಗದಾಕಿ ಯಾರಂತ ತಿಳದಿ? ತಗದು, ಮೂಗು ಒರಿಸಿ, ಆಮ್ಯಾಲೆ ಹಳ್ಳದ ಕಡೆ ಹ್ವಾದೆ."

ಮೀರಾಸಾಬ ನೀರೊಳಗಿನ ತನ್ನ ಕೈಯನ್ನು ಎತ್ತಿ ನೋಡಿಕೊಂಡ. ಆ ಬೆಳಗು ಅವನಿಗೆ ಇಡೀ ನೆನಪಿತ್ತು, ಅಪ್ಪ ನೆನಪಿದ್ದ, ಟೊಂಗೆ ನೆನಪಿತ್ತು. ಇವಳು ನೆನಪಿರಲಿಲ್ಲ. ಐವತ್ತೊಂಬತ್ತು ವರ್ಷದ ಗಂಡಸು ಹಲಗೆಯ ಅಂಚಿಗೆ ಹಣೆ ಇಟ್ಟು ಸಣ್ಣ ಮಗುವಿನಂತೆ ಅತ್ತುಬಿಟ್ಟ. ಮುದುಕಿ ಸಮಾಧಾನ ಮಾಡಲಿಲ್ಲ. ಒಂದು ಬೊಗಸೆ ನೀರು ತೆಗೆದು ತನ್ನ ಮುಖ ತೊಳೆದುಕೊಂಡಳು.

"ನಡಿ ಇನ್ನ. ಹಲಗಿ ಅಳ್ಳಾಡಾಕ ಹತ್ತೇತಿ," ಎಂದಳು.

ದಂಡೆಗೆ ಬಂದು, ಜಾಕೀಟು ಬಿಚ್ಚಿಸಿಕೊಂಡು, ಸೀರೆ ಹಿಂಡಿಕೊಂಡು ಅವಳು ಹೊಲದ ಬಾಯಿಗೆ ನಿಂತಳು.

"ಒಡ್ಡಿನ ಗುಂಟ ಹೋಗಬೇಕು. ಬರಿಗಾಲಿಲೆ. ಕಡ್ಲಿ ಗಿಡದ ಹುಳಿ ಕಾಲು ಸುಟ್ಟ್ರ ಸುಡಲಿ," ಎಂದಳು. "ನೀರು ಬಂದು ಹೋದಮ್ಯಾಲೆ ಬರೋ ವರ್ಷ ಇದು ಹೊಸಾ ಹೊಲ. ಆಗ ಮತ್ತ ಬಂದು ಕೇಳಬೇಕು. ನಾ ಸತ್ತಿದ್ರ ಭಾಗೀರಥಿನ್ನ ಕೇಳಬೇಕು. ಕೇಳದ ಒಂದು ಹೆಜ್ಜಿ ಇಡಂಗಿಲ್ಲ."

"ಆತು ಅಕ್ಕಾ."

"ಆತು ಅಂದ್ರ? ಈ ವರ್ಷದ್ದು ಕೇಳಿಯೇನು?"

ಮೀರಾಸಾಬ ಒದ್ದೆ ಲುಂಗಿಯಲ್ಲೇ ಅವಳ ಮುಂದೆ ನಿಂತ.

"ಅಕ್ಕಾ, ನೀರಿಗೆ ಹೋಗಾಕ ದಾರಿ ಕೊಡತೀರೇನು?" ಎಂದ.

"ಕೇಳಿಸಲಿಲ್ಲ," ಎಂದಳು ಸಿದ್ದಲಿಂಗವ್ವ.

ಅವನು ಮತ್ತೊಮ್ಮೆ ಕೇಳಿದ.