ಮಾರಮ್ಮನ ಮೈಮೇಲಿನ ಅಕ್ಷರ

ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಓಡಾಡುವ ಖಾಸಗಿ ಬಸ್ಸಿನಲ್ಲಿ ದೊಡ್ಡಪಾಲಯ್ಯ ಕಂಡಕ್ಟರು. ಟಿಕೆಟ್ ಕೊಟ್ಟು ಮುಗಿಸಿದನೆಂದರೆ ಬಾಗಿಲ ಸರಳು ಹಿಡಿದು ಹೊರಗೆ ನೋಡುತ್ತ ನಿಂತುಬಿಡುವನು. ಹಳೇ ಬರಹ ಎಲ್ಲೇ ಕಾಣಲಿ, ಅವನಿಗೆ ನೆಂಟರ ಮುಖ ಕಂಡಷ್ಟು ಹಿಗ್ಗು. ಮುಚ್ಚಿಹೋದ ಎಣ್ಣೆ ಮಿಲ್ಲಿನ ಗೋಡೆಯಲ್ಲಿ ಇನ್ನೂ ಪೂರ್ತಿ ಮಾಸದ ಒಂದು ‘ಣ್ಣೆ’, ಕನ್ನಡವನ್ನೂ ತೆಲುಗನ್ನೂ ಒಂದೇ ಕೈ ಬರೆದ ಸೀರೆ ಅಂಗಡಿಯ ತಗಡು, ಇವೆಲ್ಲ ಅವನಿಗೆ ಗುರುತು. ಯಾವುದರ ಮೇಲಾದರೂ ಫ್ಲೆಕ್ಸ್ ಬಿತ್ತೆಂದರೆ ಆವತ್ತೆಲ್ಲ ಮಾತು ಕಡಿಮೆ.

ಗೌರಸಮುದ್ರ ಕ್ರಾಸಿನ ಹತ್ತಿರ ಒಂದು ಸಂಜೆ ಬಸ್ಸು ಪಂಕ್ಚರ್ ಆಯಿತು. ಡ್ರೈವರ್ ಅಂಜಿನೇಯ ಟೈರು ಬಿಚ್ಚುತ್ತಿದ್ದ. ದೊಡ್ಡಪಾಲಯ್ಯ ರಸ್ತೆಬದಿಯ ಬೇವಿನ ಮರದಡಿಗೆ ಹೋದ. ಅಲ್ಲೊಂದು ಮೊಣಕಾಲೆತ್ತರದ ಕಲ್ಲು, ಮೈತುಂಬ ಎಣ್ಣೆ, ಕುಂಕುಮ. ಮಾರಮ್ಮ ಎಂದು ದಿನಾ ಬಸ್ಸಿನಿಂದಲೇ ಕೈಮುಗಿಯುತ್ತಿದ್ದ ಕಲ್ಲೇ. ಓರೆ ಬಿಸಿಲು ಬಿದ್ದದ್ದಕ್ಕೋ ಏನೋ, ಕುಂಕುಮದ ಕೆಳಗೆ ಗೀರುಗಳು ಕಂಡವು. ಬಗ್ಗಿ ಕೈ ಚಾಚಿದ.

“ಮುಟ್ಬೇಡಪ್ಪ. ಅವು ಅವ್ವನ ಸಿಡುಬಿನ ಕಲೆ.”

ಕೊಡ ಹೊತ್ತು ಬಂದಿದ್ದ ಮುದುಕಿ ಹಾಗೆಂದಳು. ಪಕ್ಕದ ಹಟ್ಟಿಯ ಚಿಕ್ಕಕ್ಕ. ಮಂಗಳವಾರ ಮಂಗಳವಾರ ಕಲ್ಲಿಗೆ ನೀರು ಹಾಕುವವಳು. ಅದು ಬರಹ ಇದ್ದಂಗೈತೆ ಎಂದು ಅವನಿಗೆ ಅನ್ನಿಸಿತು. ಚಪ್ಪಲಿ ಬಿಟ್ಟು ಕೈಮುಗಿದು ಬಸ್ಸು ಹತ್ತಿದ.

ಆದರೆ ಆ ಗೀರುಗಳು ಮನಸ್ಸಿನಿಂದ ಹೋಗಲಿಲ್ಲ. ವಾರದ ರಜೆಯನ್ನು ಮಂಗಳವಾರಕ್ಕೆ ಬದಲಾಯಿಸಿಕೊಂಡು ಬಂದು, ಬೋರ್‌ವೆಲ್ಲಿನಿಂದ ಮುದುಕಿಯ ಕೊಡವನ್ನು ತಾನೇ ಹೊತ್ತ. ಮುಂದಿನ ವಾರವೂ ಬಂದ. ಏನೂ ಕೇಳಲಿಲ್ಲ. ಬೇಸಿಗೆ ಕಳೆಯುತ್ತ ಬಂದಾಗ ಅವಳೇ ಒಂದು ದಿನ ಎಣ್ಣೆಜಿಡ್ಡನ್ನು ಸೀಗೆಪುಡಿಯಿಂದ ತಿಕ್ಕಿ, ಪಕ್ಕಕ್ಕೆ ಸರಿದು ಕೂತು, ಅದೇನು ನೋಡಬೇಕು ಅಂತಿದ್ದೀಯೋ ನೋಡು ಎಂದಳು.

ದೊಡ್ಡಪಾಲಯ್ಯ ಕಣ್ಣುಮುಚ್ಚಿ ಒದ್ದೆ ಕಲ್ಲಿನ ಮೇಲೆ ಬೆರಳಾಡಿಸಿದ. ಚ. ಆಮೇಲೆ ಬಾಲ ಸುತ್ತಿಕೊಂಡ ಳ್ಳ. ಕೆಳಗೆ ಕನ್ನಡದ ಅಂಕಿ. ಹಿಗ್ಗಿದ, ಜೊತೆಗೆ ಅಳುಕೂ ಆಯಿತು. ಇಷ್ಟು ವರ್ಷ ಪೂಜಿಸಿದ್ದು ಬರೀ ಮೈಲಿಗಲ್ಲು ಎಂದು ಈ ಮುದುಕಿಗೆ ಹೇಗೆ ಹೇಳುವುದು?

“ಏನ್ ಬರ್ದೈತೆ?” ಎಂದಳು ಚಿಕ್ಕಕ್ಕ.

ಸುಳ್ಳು ಹೇಳಲಾಗಲಿಲ್ಲ. “ಚಳ್ಳಕೆರೆ ಹದಿನೈದು ಮೈಲಿ ಅಂತ ಐತವ್ವ.”

ಅವಳು ಕಲ್ಲಿನ ಮೇಲೆ ಕೈಯಾಡಿಸಿದಳು. ಆಮೇಲೆ ಗಂಡನ ಸುದ್ದಿ ತೆಗೆದಳು. ಶೇಂಗಾ ಹೇರಿಕೊಂಡು ಸಂತೆಗೆ ಗಾಡಿ ಹೊಡೆಯುವಾಗ ಅವನು ಇಲ್ಲಿ ಇಳಿದು ಕೈಮುಗಿಯದೆ ಮುಂದೆ ಹೋದವನಲ್ಲವಂತೆ.

“ಹಂಗಾರೆ ಅವ್ವ ಆಗ್ಲೂ ಅವನಿಗೆ ದಾರಿ ಹೇಳ್ತಿದ್ಲು ಅನ್ನು. ನಮಗೆ ಓದಾಕೆ ಬರ್ತಿರ್ಲಿಲ್ಲ, ಅಷ್ಟೆ.”

ಹಾಗೆಂದು ನಕ್ಕಳು.

ಮಳೆಗಾಲ ಮುಗಿದ ಮೇಲೆ ರಸ್ತೆ ಅಗಲ ಮಾಡಲು ಜೆಸಿಬಿ ಬಂತು. ಹಾದಿಯುದ್ದದ ಹಳೇ ಕಲ್ಲುಗಳೆಲ್ಲ ಮಣ್ಣಿನ ಜೊತೆ ಹೋದವು. ಇದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹಟ್ಟಿಯ ಹೆಂಗಸರು ತಾವೇ ಪೂಜೆ ಮಾಡಿ ಒಂದಿಷ್ಟು ಹಿಂದಕ್ಕೆ ಸರಿಸಿ ನೆಡಿಸುವುದೆಂದಾಯಿತು. ಯಾವ ಮಗ್ಗುಲು ರಸ್ತೆಗಿರಬೇಕು ಎಂಬ ಮಾತು ಬಂದಾಗ, ಕಂಡಕ್ಟರು ಬರಲಿ ಎಂದು ಚಿಕ್ಕಕ್ಕ ಎಲ್ಲರನ್ನೂ ನಿಲ್ಲಿಸಿದಳಂತೆ. ಅಂಜಿನೇಯನ ಕೈಲಿ ಹೇಳಿ ಕಳಿಸಿದಳು. ದೊಡ್ಡಪಾಲಯ್ಯ ಬಂದು ಬರಹ ರಸ್ತೆಗೆ ಕಾಣುವಂತೆ ನಿಲ್ಲಿಸಿ, ಬುಡಕ್ಕೆ ಮಣ್ಣು ತುಳಿದ.

ಈಗ ಚಿಕ್ಕಕ್ಕ ಕುಂಕುಮವನ್ನು ಕಲ್ಲಿನ ನೆತ್ತಿಗಷ್ಟೇ ಇಡುತ್ತಾಳೆ. ಅಕ್ಷರಗಳ ಸಂದಿಗೆ ಎಣ್ಣೆ ಇಳಿದರೆ ಸೆರಗಿನ ತುದಿಯಿಂದ ಒರೆಸುತ್ತಾಳೆ.